ಡಬ್ಬಿಯ ತಳದ ಅಡುಗೆ

ತಿಂಗಳ 25ನೇ ತಾರೀಖು ದಾಟಿತೆಂದರೆ ಅಡುಗೆಮನೆಯ ಡಬ್ಬಿಗಳ ಸದ್ದು ಬದಲಾಗುತ್ತದೆ. ಮೊದಲ ವಾರದಲ್ಲಿ ಎತ್ತಿ ಅಲುಗಿಸಿದರೂ ತುಟಿ ಬಿಚ್ಚದಿದ್ದ ತೊಗರಿಬೇಳೆಯ ಡಬ್ಬಿ ಈಗ ಮುಟ್ಟಿದರೆ ಸಾಕು ಗಲಗಲ ಎನ್ನುತ್ತದೆ. ಎಣ್ಣೆಯ ಕ್ಯಾನನ್ನು ಓರೆ ಮಾಡಿ, ಅದರ ಮೂಲೆಯಲ್ಲಿ ಉಳಿದದ್ದು ಕೆಳಗಿಳಿಯುವವರೆಗೆ ತಾಳ್ಮೆಯಿಂದ ಕಾಯಬೇಕಾಗುತ್ತದೆ. ಗ್ಯಾಸ್ ಸಿಲಿಂಡರು ಮುಗಿಯಲು ಅದೇ ವಾರವನ್ನು ಏಕೆ ಆರಿಸಿಕೊಳ್ಳುತ್ತದೆಂಬುದು ಬೇರೆಯೇ ಸಂಶೋಧನೆಯ ವಿಷಯ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ಗಾದೆ ಮಾಡಿದವರು ಬಹುಶಃ ಒಬ್ಬರೇ ಮಲಗುತ್ತಿದ್ದರು. ನಾಲ್ಕೈದು ಜನರಿಗೆ ಬಡಿಸಬೇಕಾದವರ ಕೆಲಸ ಹಾಸಿಗೆಯನ್ನೇ ನಾಲ್ಕೂ ಕಡೆಯಿಂದ ಎಳೆದು ಹಿಗ್ಗಿಸುವುದು.

ಹೀಗೆ ಹಿಗ್ಗಿಸುವ ವಿದ್ಯೆಯಲ್ಲಿ ನಮ್ಮವರು ಹೆಚ್ಚಾಗಿ ನೆಚ್ಚಿಕೊಂಡಿರುವ ಸಾಮಗ್ರಿ ನೀರು. ದಿನಸಿ ಚೀಟಿಯಲ್ಲಿ ಅದನ್ನು ಯಾರೂ ಬರೆಯುವುದಿಲ್ಲವಾದ್ದರಿಂದ ಅದಕ್ಕೆ ಸಲ್ಲಬೇಕಾದ ಗೌರವವೂ ಸಲ್ಲುವುದಿಲ್ಲ. ಸಾರಿಗೆ ಎರಡು ಚೊಂಬು ನೀರು ಸುರಿಯುವುದು ಯಾರಿಂದಲಾದರೂ ಆದೀತು. ಸುರಿದದ್ದು ಉಣ್ಣುವವರ ನಾಲಿಗೆಗೆ ತಿಳಿಯದಂತೆ ನೋಡಿಕೊಳ್ಳುವುದರಲ್ಲಿದೆ ಕೈಗುಣ.

ಹಳೇ ಮೈಸೂರು ಸೀಮೆಯ ಬಸ್ಸಾರನ್ನೇ ನೋಡಿ. ನೆನೆಸಿದ ಒಂದು ಲೋಟ ಹುರುಳಿಯನ್ನೋ ಅಲಸಂದೆಯನ್ನೋ, ಕೊನೆಗೆ ಒಂದು ಕಟ್ಟು ದಂಟಿನ ಸೊಪ್ಪನ್ನೂ ಸೇರಿಸಿ, ಧಾರಾಳವಾಗಿ ನೀರು ಬಿಟ್ಟು ಬೇಯಿಸಿ ಬಸಿದರೆ, ಒಂದೇ ಉರಿಯ ಖರ್ಚಿನಲ್ಲಿ ಎರಡು ಅಡುಗೆಗಳಿಗೆ ಬುನಾದಿ ಸಿಕ್ಕಿತು. ಬಸಿದುಳಿದ ಕಾಳು ಮತ್ತು ಸೊಪ್ಪು ಒಗ್ಗರಣೆ ಕಂಡು ಪಲ್ಯವಾಗುತ್ತವೆ. ಬಸಿದು ಕೆಳಗಿಳಿದ ನೀರು, ಅಂದರೆ ಕಟ್ಟು, ಸಾರಾಗುತ್ತದೆ. ಆದರೆ ಕಟ್ಟಿಗೆ ಬರಿಯ ಸಾರಿನ ಪುಡಿ ಕದಡಿದರೆ ಅದು ನೀರಾಗಿಯೇ ಉಳಿಯುತ್ತದೆ. ಬಾಣಲೆಯಲ್ಲಿ ಈರುಳ್ಳಿಯ ಅಂಚು ಕಪ್ಪಾಗುವವರೆಗೆ ಬೆಳ್ಳುಳ್ಳಿಯೊಡನೆ ಹುರಿದು, ಜೀರಿಗೆ, ಕಾಳುಮೆಣಸು, ಹುಣಸೆಹಣ್ಣು, ಎರಡು ಚಮಚ ಕಾಯಿತುರಿ ಇವುಗಳ ಜೊತೆಗೆ ಪಲ್ಯಕ್ಕೆಂದು ಎತ್ತಿಟ್ಟದ್ದರಿಂದ ಒಂದು ಹಿಡಿ ಬೆಂದ ಕಾಳನ್ನೂ ಸೊಪ್ಪನ್ನೂ ಕದ್ದು ರುಬ್ಬಿ ಸೇರಿಸಬೇಕು. ಆ ಒಂದು ಹಿಡಿಯೇ ಇಡೀ ಪಾತ್ರೆಯ ನೀರಿಗೆ ಮೈ ಕೊಡುತ್ತದೆ. ಅದನ್ನು ಸೇರಿಸದೆ ಮಾಡಿ, ಕಡೆಗೆ ಅಕ್ಕಿಹಿಟ್ಟು ಕದಡಿ ಗಟ್ಟಿ ಮಾಡುವವರೂ ಇದ್ದಾರೆ. ಅವರ ಮನೆಯಲ್ಲಿ ನಾನು ಮಜ್ಜಿಗೆಯನ್ನು ಕೇಳಿ ಹಾಕಿಸಿಕೊಳ್ಳುತ್ತೇನೆ. ಕಾಯಿಯೂ ಇಲ್ಲದ ದಿನಕ್ಕೆ ಉಪ್ಪುಸಾರಿದೆ: ಕಟ್ಟಿಗೆ ಉಪ್ಪು ಮಾತ್ರ ಹಾಕಿ, ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಹುಣಸೆಯ ಖಾರವನ್ನು ಬೇರೆಯಾಗಿ ಅರೆದಿಟ್ಟರೆ, ಮುದ್ದೆಯ ಪಕ್ಕದಲ್ಲಿ ಅವರವರಿಗೆ ಬೇಕಾದಷ್ಟನ್ನು ಅವರವರೇ ಕಲಸಿಕೊಳ್ಳುತ್ತಾರೆ. ಬಡವರ ಊಟವೆಂದು ಮೂಗು ಮುರಿಯುವವರಿಗೆ ಹೇಳಬೇಕಾದದ್ದೇನೆಂದರೆ, ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಬಿಳಿ ಅಕ್ಕಿ ಅದರ ಹತ್ತಿರಕ್ಕೂ ಬರುವುದಿಲ್ಲ.

ಉತ್ತರ ಕರ್ನಾಟಕದ ಕಡೆ ಕಾಯಿಪಲ್ಲೆ ಮುಗಿದ ದಿನ ಝುಣಕ ಒಲೆ ಏರುತ್ತದೆ. ಒಂದು ಬಟ್ಟಲು ಕಡಲೆಹಿಟ್ಟು ಎರಡು ಮೂರು ಬಟ್ಟಲು ನೀರನ್ನು ಕುಡಿದು, ಒಗ್ಗರಣೆಯಲ್ಲಿ ಕುದಿದು ಗಟ್ಟಿಯಾಗಿ, ಮನೆಮಂದಿಯ ರೊಟ್ಟಿಗೆಲ್ಲ ಸಾಕಾಗುತ್ತದೆ. ಹಿಂಡಿಯ, ಅಂದರೆ ಚಟ್ನಿಪುಡಿಯ, ಡಬ್ಬಿಗಳಂತೂ ಇದ್ದೇ ಇರುತ್ತವೆ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ. ಮಲೆನಾಡಿನವರ ತಂಬುಳಿ ಇನ್ನೂ ಅಗ್ಗ. ಕುಂಡದಲ್ಲಿ ಅಲಂಕಾರಕ್ಕೆಂದು ಬೆಳೆದ ದೊಡ್ಡಪತ್ರೆಯ ಹತ್ತು ಎಲೆಗಳನ್ನು ಜೀರಿಗೆ, ಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಿ, ಚೂರು ಕಾಯಿಯೊಡನೆ ರುಬ್ಬಿ ಮಜ್ಜಿಗೆಗೆ ಸೇರಿಸಿದರೆ ಅನ್ನಕ್ಕೆ ಕಲಸಲು ಒಂದು ಮೇಲೋಗರ ಸಿದ್ಧ. ಹೀರೆಕಾಯಿಯ ಸಿಪ್ಪೆ ಚಟ್ನಿಯಾಗುವುದನ್ನೂ, ಕಲ್ಲಂಗಡಿಯ ಬಿಳಿಯ ಭಾಗ ಕರಾವಳಿಯಲ್ಲಿ ದೋಸೆಯ ಹಿಟ್ಟಿಗೆ ಇಳಿಯುವುದನ್ನೂ, ಹಲಸಿನ ಬೀಜ ಮಳೆಗಾಲದ ಹುಳಿಗೆ ಬೀಳುವುದನ್ನೂ ಬಲ್ಲವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. 2023ರ ಜುಲೈನಲ್ಲಿ ಟೊಮೇಟೊ ಕಿಲೋಗೆ ನೂರು ರೂಪಾಯಿ ದಾಟಿದಾಗ ಪೇಟೆಯೆಲ್ಲ ಹಾಹಾಕಾರವೆದ್ದಿತು. ಹುಣಸೆಹಣ್ಣಿನ ಭರಣಿಯಿದ್ದ ಮನೆಗಳು ಅಷ್ಟೇನೂ ಕಂಗಾಲಾಗಲಿಲ್ಲ.

ತಳ ಕಂಡ ಡಬ್ಬಿಗಳ ಕಾಳುಗಳನ್ನೆಲ್ಲ ಒಟ್ಟಿಗೆ ನೆನೆಹಾಕಿ ಒಂದು ಹುಳಿ ಮಾಡುವುದು ಎಲ್ಲರಿಗೂ ಹೊಳೆಯುವ ಉಪಾಯ. ಆದರೆ ಕಾಳುಗಳ ಸ್ವಭಾವ ಒಂದೇ ಅಲ್ಲ. ಕಡಲೆಗೆ ಇಡೀ ರಾತ್ರಿ ನೆನೆಯಬೇಕು, ಹೆಸರುಕಾಳಿಗೆ ಅಷ್ಟು ಹೊತ್ತು ಬೇಡ; ಎರಡನ್ನೂ ಒಂದೇ ಕುಕ್ಕರಿಗೆ ಒಂದೇ ಗಳಿಗೆಯಲ್ಲಿ ಹಾಕಿದರೆ ಹೆಸರು ಕರಗಿ ಹೋಗಿರುತ್ತದೆ, ಕಡಲೆ ಇನ್ನೂ ಹಲ್ಲಿನೊಡನೆ ವಾದಕ್ಕೆ ನಿಂತಿರುತ್ತದೆ. ಕಡಲೆಯನ್ನು ಮೊದಲು ಅರ್ಧ ಬೇಯಿಸಿಕೊಂಡು ಉಳಿದವನ್ನು ಆಮೇಲೆ ಸೇರಿಸುವಷ್ಟು ವ್ಯವಧಾನವಿದ್ದರೆ ಈ ಹುಳಿಗೆ ಸಾಟಿಯಿಲ್ಲ.

ಅಕ್ಕಿಯ ಚಿಂತೆಯನ್ನು 2013ರ ಜುಲೈನಲ್ಲಿ ಆರಂಭವಾದ ಅನ್ನಭಾಗ್ಯ ಎಷ್ಟೋ ಮನೆಗಳಲ್ಲಿ ತಗ್ಗಿಸಿತು. 2023ರಲ್ಲಿ ಕೊಡಬೇಕಿದ್ದ ಹೆಚ್ಚುವರಿ ಐದು ಕಿಲೋ ಅಕ್ಕಿ ಸಿಗದೆ, ಕಿಲೋಗೆ 34 ರೂಪಾಯಿಯ ಲೆಕ್ಕದಲ್ಲಿ ತಲಾ 170 ರೂಪಾಯಿ ಖಾತೆಗೆ ಬರತೊಡಗಿತು. 2025ರಲ್ಲಿ ಹಣ ನಿಂತು ಮತ್ತೆ ಅಕ್ಕಿಯೇ ಬಂದಿತು. ಆ ಹಣ ಬೇಳೆಗೆ ಹೋಯಿತೋ ಮೊಬೈಲ್ ರೀಚಾರ್ಜಿಗೆ ಹೋಯಿತೋ ಆಯಾ ಮನೆಯವರೇ ಬಲ್ಲರು. ಆದರೆ ಅನ್ನ ಎಷ್ಟೇ ಇದ್ದರೂ ಅದರ ಮೇಲೆ ಸುರಿದುಕೊಳ್ಳಲು ಏನಾದರೂ ಬೇಕಲ್ಲ. ಕೈ ಬಿಗಿಯಾದಾಗ ತಟ್ಟೆಯಿಂದ ಮೊದಲು ಜಾರಿಕೊಳ್ಳುವುದು ಬೇಳೆ, ಮೊಟ್ಟೆ, ಹಾಲುಗಳೇ. ಹಿಗ್ಗಿಸುವ ಜಾಣ್ಮೆಯನ್ನು ಹೊಗಳುವ ಉತ್ಸಾಹದಲ್ಲಿ ನಾನು ಇದನ್ನು ಮರೆಯಲಾರೆ. ನೀರಿಗೂ ಒಂದು ಮಿತಿಯಿದೆ. ಸಾರಿನ ಗಟ್ಟಿ ಭಾಗ ಮೊದಲು ಕೂತವರ ತಟ್ಟೆಗೆ ಹೋಗಿ, ಎಲ್ಲರಿಗೂ ಬಡಿಸಿ ಕಡೆಗೆ ಕೂರುವ ಹೆಂಗಸಿಗೆ ತಿಳಿಯಷ್ಟೇ ಉಳಿಯುವ ಮನೆಯಲ್ಲಿ ಹಿಗ್ಗಿದ್ದು ಸಾರಲ್ಲ, ಆಕೆಯ ಸಹನೆ. ಸೌಟನ್ನು ತಳದಿಂದ ಕದಡಿ ಬಡಿಸುವುದಕ್ಕೆ ಯಾವ ಖರ್ಚೂ ಇಲ್ಲ; ಗಂಡಸರೂ ಅದನ್ನು ಕಲಿಯಬಹುದು.

ಇನ್ನು ಸಂಬಳದ ದಿನದ ವಿಚಾರ. ಅಂಗಡಿಯಿಂದ ಬಂದ ಹೊಸ ಬೇಳೆಯ ಪೊಟ್ಟಣವನ್ನು ಕತ್ತರಿಸಿ ಉತ್ಸಾಹದಿಂದ ಹಳೆಯ ಡಬ್ಬಿಗೆ ಸುರಿಯುವವರನ್ನು ಕಂಡರೆ ಕೈ ಹಿಡಿದು ನಿಲ್ಲಿಸಬೇಕೆನಿಸುತ್ತದೆ. ಹಳೆಯ ಬೇಳೆ ನಿಧಾನವಾಗಿ ಬೇಯುತ್ತದೆ, ಹೊಸದು ಬೇಗ ಬೇಯುತ್ತದೆ. ಬೆರೆತರೆ ಎರಡೂ ಕೆಡುತ್ತವೆ. ತಳದಲ್ಲಿ ಹುಳ ಇದ್ದರೆ ಅದಕ್ಕೂ ತಿಂಗಳ ಮೊದಲ ವಾರದ ಸುಖ ಸಿಗುತ್ತದೆ. ತಳದಲ್ಲಿದ್ದ ಎರಡು ಹಿಡಿಯನ್ನು ಒಂದು ಲೋಟಕ್ಕೆ ಬಗ್ಗಿಸಿ, ಡಬ್ಬಿ ತೊಳೆದು ಬಿಸಿಲಿಗಿಟ್ಟು, ಆ ದಿನದ ತೊವ್ವೆಗೆ ಲೋಟದ ಬೇಳೆಯನ್ನೇ ಹಾಕಬೇಕು, ಜೇಬಿನಲ್ಲಿ ಎಷ್ಟೇ ಹಣವಿದ್ದರೂ.