ಮುಂದಿನ ಆದೇಶದವರೆಗೆ

ಮೂವತ್ತೊಂದು ವರ್ಷ ಮಂಡ್ಯ ಸೀಮೆಯ ನೀರಾವರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ ನಾನು, ಅಷ್ಟೂ ವರ್ಷ ಅತಿ ಹೆಚ್ಚು ಬಾರಿ ಬೆರಳಚ್ಚು ಮಾಡಿದ ಪದಗಳು ಯಾವುವೆಂದು ಯಾರಾದರೂ ಕೇಳಿದರೆ ಯೋಚಿಸದೆ ಹೇಳಬಲ್ಲೆ: ‘ಮುಂದಿನ ಆದೇಶದವರೆಗೆ’. ಕಟ್ಟೆಯಲ್ಲಿ ನೀರು ಇಳಿದಾಗಲೆಲ್ಲ, ನಾಲೆಗೆ ನೀರು ಹರಿಸುವುದನ್ನು ಮುಂದಿನ ಆದೇಶದವರೆಗೆ ನಿಲ್ಲಿಸಲಾಗಿದೆ, ರೈತ ಬಾಂಧವರು ಸಹಕರಿಸಬೇಕು ಎಂದು ಪ್ರಕಟಣೆ ಹೊರಡುತ್ತಿತ್ತು. ಸಹಕರಿಸುವುದೆಂದರೆ ಬಾಯಿ ಮುಚ್ಚಿಕೊಂಡು ಕೂರುವುದೆಂಬುದು ನಮಗೂ ಗೊತ್ತಿತ್ತು, ರೈತರಿಗೂ ಗೊತ್ತಿತ್ತು. ಅದನ್ನು ಬರೆದ ಕೈಗೆ ಎಂದಾದರೂ ಅದನ್ನು ಓದಿಕೊಂಡು ಕೂರುವ ಸರದಿ ಬರುತ್ತದೆಂದು, ಅದೂ ಇಂಗ್ಲೆಂಡಿನಲ್ಲಿ ಬರುತ್ತದೆಂದು, ನಾನು ಕನಸಿನಲ್ಲಿಯೂ ಎಣಿಸಿರಲಿಲ್ಲ.

ನಮ್ಮ ಮಗ ಉತ್ತರ ಇಂಗ್ಲೆಂಡಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಮನೆ ಬಾಡಿಗೆ ಕಟ್ಟಿ ಸೋತು ಅವನೊಂದು ಹಳೆಯ ನ್ಯಾರೋಬೋಟ್, ಅಂದರೆ ಕಾಲುವೆಯಲ್ಲಿ ಓಡುವ ಕಿರಿದಾದ ದೋಣಿ, ಕೊಂಡು ಅದರಲ್ಲಿಯೇ ಸಂಸಾರ ಹೂಡಿದ್ದ. 2025ರ ಏಪ್ರಿಲ್ ಕೊನೆಯಲ್ಲಿ ನಾನೂ ನನ್ನ ಹೆಂಡತಿಯೂ ಮೂರು ತಿಂಗಳು ಇದ್ದು ಬರಲೆಂದು ಅಲ್ಲಿಗೆ ಹೋದೆವು. ಐವತ್ತೇಳು ಅಡಿ ಉದ್ದ, ಆರು ಅಡಿ ಹತ್ತು ಅಂಗುಲ ಅಗಲದ ಆ ಮನೆಯನ್ನು ನೋಡಿದ ನನ್ನಾಕೆ, “ಇದು ಬಸ್ಸಿಗಿಂತ ಉದ್ದ ಇದೆ ಸರಿ, ಆದರೆ ಬಸ್ಸಿಗಿಂತ ಕಿರಿದಾಗಿದೆಯಲ್ಲೋ” ಎಂದಳು. ಊಟದ ಮೇಜನ್ನು ಕೆಳಗಿಳಿಸಿ ಅದರ ಮೇಲೆ ದಿಂಬು ಹಾಸಿದರೆ ಅದೇ ನಮ್ಮಿಬ್ಬರ ಮಂಚ. ಮಂಚವಾದ ಮೇಲೆ ಯಾರಿಗೂ ಹಸಿವಾಗುವಂತಿರಲಿಲ್ಲ.

ಮಗನ ಯೋಜನೆ ದೊಡ್ಡದಾಗಿತ್ತು. ಲೀಡ್ಸ್ ಮತ್ತು ಲಿವರ್‌ಪೂಲ್ ಕಾಲುವೆ 127 ಮೈಲಿ ಉದ್ದವಿದ್ದು, 1770ರಲ್ಲಿ ಅಗೆಯಲು ಶುರುವಾಗಿ 1816ರಲ್ಲಿ ಮುಗಿದದ್ದು. ನಮ್ಮ ಕಡೆಯ ಕಾಮಗಾರಿಗಳನ್ನು ಹತ್ತಿರದಿಂದ ಬಲ್ಲ ನನಗೆ ನಲವತ್ತಾರು ವರ್ಷವೆಂಬ ಲೆಕ್ಕ ಕೇಳಿ ಒಂದು ಬಗೆಯ ಬಂಧುತ್ವ ಹುಟ್ಟಿತು. ದೋಣಿಯನ್ನು ಬೆಟ್ಟ ಹತ್ತಿಸಿ ಇಳಿಸಿ, ಬಿಂಗ್ಲಿಯಲ್ಲಿ 1774ರಿಂದಲೂ ನಡೆಯುತ್ತಿರುವ ಐದು ಮೆಟ್ಟಿಲಿನ ಲಾಕ್‌ಗಳನ್ನು ನಮಗೆ ತೋರಿಸಿ, ಲೀಡ್ಸ್ ನಗರದವರೆಗೆ ಕರೆದೊಯ್ಯುವುದಾಗಿ ಅವನು ಹೇಳಿದ್ದ. ವೇಗದ ಮಿತಿ ಗಂಟೆಗೆ ನಾಲ್ಕು ಮೈಲಿ. ನಾಯಿ ಹಿಡಿದು ವಾಯುವಿಹಾರಕ್ಕೆ ಬಂದ ಅಜ್ಜಿಯರು ದಂಡೆಯ ಹಾದಿಯಲ್ಲಿ ನಮ್ಮನ್ನು ಹಿಂದೆ ಹಾಕಿ, ತಿರುಗಿ ನೋಡಿ, ಕನಿಕರದಿಂದ ಕೈಬೀಸಿ ಹೋಗುತ್ತಿದ್ದರು.

ಬ್ಯಾರೋಫರ್ಡ್ ಎಂಬಲ್ಲಿ ಒಂದರ ಮೇಲೊಂದರಂತೆ ಏಳು ಲಾಕ್‌ಗಳಿವೆ. ಲಾಕ್ ಎಂದರೆ ಸೂರಿಲ್ಲದ ಒಂದು ಕಲ್ಲಿನ ಕೋಣೆ; ಹಿಂದೊಂದು ಮುಂದೊಂದು ಬಾಗಿಲು. ದೋಣಿಯನ್ನು ಒಳಗೆ ಬಿಟ್ಟು ಹಿಂದಿನ ಬಾಗಿಲು ಮುಚ್ಚಿ, ಮೇಲಿನ ತೂಬು ಎತ್ತಿದರೆ ನೀರು ತುಂಬುತ್ತ ದೋಣಿ ತಾನಾಗಿಯೇ ಏಳುತ್ತದೆ. ತೂಬು ಎತ್ತಲು ವಿಂಡ್‌ಲಾಸ್ ಎಂಬ ಕಬ್ಬಿಣದ ತಿರುಗಣೆಯೊಂದು ಬೇಕು. ಮಗ ಅದನ್ನು ನನ್ನ ಕೈಗೆ ಕೊಟ್ಟಾಗ ನನ್ನ ಎದೆ ಉಬ್ಬಿದ್ದು ನಿಜ. ಕಚೇರಿಯಲ್ಲಿದ್ದಷ್ಟು ದಿನ ತೂಬು ಎತ್ತಲು ಅಪ್ಪಣೆ ಕೊಡುವ ಕಾಗದವನ್ನು ಟೈಪು ಮಾಡಿದ್ದೆನೇ ಹೊರತು ಒಂದು ದಿನವೂ ತೂಬು ಮುಟ್ಟಿದವನಲ್ಲ. ಲೈಫ್ ಜಾಕೆಟ್ ತೊಟ್ಟ ಸ್ವಯಂಸೇವಕರೊಬ್ಬರು ಪಕ್ಕದಲ್ಲಿ ನಿಂತು, ನಿಧಾನ, ನಿಧಾನ ಎಂದು ಹೇಳಿಕೊಡುತ್ತಿದ್ದರು. ನಮ್ಮೂರ ಕೆರೆಯ ನೀರಗಂಟಿಯ ಠೀವಿಯೇ ಅವರಲ್ಲಿಯೂ ಇತ್ತು. ಒಂದು ಸಲ ಲಾಕ್ ತುಂಬಲು ಎರಡು ಲಕ್ಷ ಲೀಟರಿಗೂ ಹೆಚ್ಚು ನೀರು ಬೇಕು ಎಂದು ಅವರು ಹೇಳಿದಾಗ ನಾನು ತಿರುಗಿಸುತ್ತಿದ್ದ ಕೈಯನ್ನು ಅಲ್ಲಿಯೇ ನಿಲ್ಲಿಸಿದೆ. ಅಷ್ಟು ನೀರಿಗೆ ನಮ್ಮ ಕಡೆ, ನಾಲೆಯ ಕೊನೆಭಾಗದಲ್ಲಿ, ಇಬ್ಬರ ತಲೆಯಾದರೂ ಒಡೆದಿರುತ್ತಿತ್ತು. ಇಲ್ಲಿ ನಾವು ಮೂವರು ಮೇಲೆ ಹೋಗಿ ಟೀ ಕುಡಿಯುವುದಕ್ಕೆ ಅಷ್ಟು ನೀರು!

ಏಳನೆಯ ಲಾಕ್ ದಾಟಿದರೆ ಕಾಲುವೆಯ ನೆತ್ತಿ. ಸಮುದ್ರಮಟ್ಟದಿಂದ 487 ಅಡಿ. ಅಲ್ಲಿಂದ ಸುಮಾರು ಆರು ಮೈಲಿ ಸಮತಟ್ಟು. ಆಮೇಲೆ ಗ್ರೀನ್‌ಬರ್ಫೀಲ್ಡ್‌ನಲ್ಲಿ ಮೂರು ಲಾಕ್ ಇಳಿದರೆ ಯಾರ್ಕ್‌ಷೈರ್ ಕಡೆಯ ದಾರಿ. ಮರುದಿನವೇ ಅದನ್ನು ದಾಟಿಬಿಡುವುದೆಂದು ಮಗ ಹೇಳಿದ. ಆದರೆ ಅಂದು ಸಂಜೆ ನನ್ನಾಕೆ ಡಬ್ಬಿ ತೆರೆದು ನೋಡಿದಾಗ ಕರಿಬೇವು ಮುಗಿದಿತ್ತು. ಕರಿಬೇವಿಲ್ಲದೆ ಒಗ್ಗರಣೆ ಹಾಕುವ ಸ್ಥಿತಿ ತನಗಿನ್ನೂ ಬಂದಿಲ್ಲವೆಂದು ಅವಳು ಘೋಷಿಸಿದ್ದರಿಂದ, ಹಿಂದೆ ದಾಟಿ ಬಂದಿದ್ದ ನೆಲ್ಸನ್ ಪಟ್ಟಣದ ಏಷ್ಯನ್ ಅಂಗಡಿಗಳಿಗೆ ಬಸ್ಸಿನಲ್ಲಿ ಹೋಗಿಬರುವುದು ಅನಿವಾರ್ಯವಾಯಿತು. ಅಲ್ಲಿ ಹೀರೇಕಾಯಿಯೂ ಕಂಡಿತು, ಮಾರನೆಯ ದಿನ ಮತ್ತೊಮ್ಮೆ ಹೋದೆವು. ಹೀಗೆ ಎರಡು ದಿನ ಕಳೆದು ಗ್ರೀನ್‌ಬರ್ಫೀಲ್ಡ್ ತಲುಪಿದಾಗ ಲಾಕ್‌ನ ಬಾಗಿಲಿಗೆ ಸರಪಳಿ ಬಿಗಿದು ಬೀಗ ಜಡಿದಿದ್ದರು. ಪಕ್ಕದ ಕಂಬಕ್ಕೆ ಪ್ಲಾಸ್ಟಿಕ್ ಹೊದಿಸಿದ ಒಂದು ಹಾಳೆ. ಇಂಗ್ಲಿಷಿನಲ್ಲಿದ್ದರೂ ಅದರ ಒಕ್ಕಣೆ ನನಗೆ ತಾಯಿಭಾಷೆಯಷ್ಟೇ ಪರಿಚಿತವಾಗಿತ್ತು: ಜಲಾಶಯಗಳಲ್ಲಿ ನೀರಿನ ಕೊರತೆ, ಸಂಚಾರ ಸ್ಥಗಿತ, ಮುಂದಿನ ಆದೇಶದವರೆಗೆ.

ಈ ವಿಷಯ ಮೊದಲೇ ಮಿಂಚಂಚೆಯಲ್ಲಿ ಬಂದಿತ್ತಂತೆ. ಮಗ ಓದಿರಲಿಲ್ಲ. ಸರಕಾರಿ ಪ್ರಕಟಣೆ ಓದದ ಗುಣ ಅವನಿಗೆ ಯಾರಿಂದ ಬಂತೆಂಬ ಬಗ್ಗೆ ಅಂದು ದೋಣಿಯಲ್ಲಿ ದೀರ್ಘ ಚರ್ಚೆ ನಡೆಯಿತು. ಕರಿಬೇವಿನ ಮಾತನ್ನು ಎತ್ತುವ ಧೈರ್ಯವನ್ನು ಯಾರೂ ಮಾಡಲಿಲ್ಲ. ಹಿಂದಕ್ಕೆ ಹೋಗೋಣವೆಂದರೆ ಬ್ಯಾರೋಫರ್ಡ್‌ನ ಏಳಕ್ಕೂ ಬೀಗ ಬಿದ್ದಿತ್ತು. ಪಶ್ಚಿಮದ ವಿಗನ್ ಊರಿನಿಂದ ಪೂರ್ವದ ಗಾರ್‌ಗ್ರೇವ್‌ವರೆಗೆ ಕಾಲುವೆ ಪೂರ್ತಿ ಬಂದ್. ಅತ್ತ ದರಿ ಇತ್ತ ಹುಲಿ ಎನ್ನೋಣವೆಂದರೆ ಎರಡೂ ಕಡೆ ಇದ್ದದ್ದು ಬರೀ ಬೀಗ.

ಇಂಗ್ಲೆಂಡಿನಲ್ಲಿ ನೀರಿಗೆ ಬರವೇ ಎಂದು ನೀವು ಕೇಳಬಹುದು. ನಾನೂ ಅದನ್ನೇ ಕೇಳಿದ್ದೆ, ಏಕೆಂದರೆ ಆ ದೇಶದ ಮಳೆಯನ್ನು ನಂಬಿ ನಾನು ಎರಡು ಛತ್ರಿ, ಒಂದು ರೈನ್‌ಕೋಟು, ಮೊಳಕಾಲುದ್ದದ ಬೂಟು ಹೊತ್ತುಕೊಂಡು ಹೋಗಿದ್ದೆ. ಆ ವರ್ಷದ ವಸಂತ ಇಂಗ್ಲೆಂಡಿನಲ್ಲಿ ಶತಮಾನಕ್ಕೂ ಹೆಚ್ಚು ಕಾಲದಿಂದ ಕಾಣದಷ್ಟು ಒಣಗಿತ್ತು. ಬೆಟ್ಟದ ನೆತ್ತಿಯ ಕಾಲುವೆಗೆ ಸುತ್ತಲಿನ ಕಟ್ಟೆಗಳಲ್ಲಿ ನಿಂತ ಮಳೆನೀರೇ ಗತಿ. ದೋಣಿ ಹತ್ತಿದರೂ ಒಂದು ಲಾಕ್ ನೀರು ನೆತ್ತಿಯಿಂದ ಕೆಳಗೆ ಹೋಗುತ್ತದೆ, ಆಚೆ ಇಳಿದರೂ ಒಂದು ಲಾಕ್ ನೀರು ಕೆಳಗೇ ಹೋಗುತ್ತದೆ. ಕಟ್ಟೆ ಬತ್ತಿದ ಮೇಲೆ ಬೀಗ ಹಾಕದೆ ಇನ್ನೇನು ಮಾಡುತ್ತಾರೆ? ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಟೈಪು ಮಾಡುತ್ತಿದ್ದೆ.

ಹೀಗೆ ಫೌಲ್‌ರಿಜ್ ಎಂಬ ಹಳ್ಳಿಯ ಬಳಿ ನಾವು ಬೀಡುಬಿಟ್ಟೆವು. ಮಗನಂತೆ ಕಾಯಂ ನಿಲುಗಡೆಯಿಲ್ಲದೆ ದೋಣಿಯಲ್ಲಿ ವಾಸಿಸುವವರು ಒಂದೇ ಕಡೆ ಹದಿನಾಲ್ಕು ದಿನಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ ಎಂದು 1995ರ ಕಾಯಿದೆ ಹೇಳುತ್ತದೆ. ಹೋಗದಿದ್ದರೆ ಕಾಯಿದೆ ಬಿಡದು, ಹೋಗೋಣವೆಂದರೆ ಬೀಗ ಬಿಡದು ಎಂದು ಮಗ ಕಳವಳಗೊಂಡಾಗ, ಕಾಯಿದೆಯನ್ನು ತೆಗೆಸಿ ಓದಿದೆ. ‘ಅಥವಾ ಸಂದರ್ಭಕ್ಕೆ ಸಮಂಜಸವಾದ ಹೆಚ್ಚಿನ ಅವಧಿ’ ಎಂಬರ್ಥದ ಒಂದು ಬಾಲ ಅದಕ್ಕಿತ್ತು. ಎಂಥ ಸುಂದರವಾದ ವಾಕ್ಯ! ಅದನ್ನು ಕರಡು ಮಾಡಿದ ಗುಮಾಸ್ತ ಯಾರೋ, ಅವನ ಕೈಗೆ ಮನಸ್ಸಿನಲ್ಲಿಯೇ ನಮಸ್ಕರಿಸಿದೆ.

ದಿನ ಕಳೆದಂತೆ ನೀರು ಗೇಣುದ್ದ ಇಳಿಯಿತು. ಒಂದು ಬೆಳಿಗ್ಗೆ ಏಳುವಾಗ ನಾನು ನನ್ನಾಕೆಯ ಮೇಲೂ, ಅವಳು ಗೋಡೆಯ ಮೇಲೂ ಒರಗಿದ್ದೆವು. ದಂಡೆಯ ಕಡೆಯ ತಳ ಕೆಸರಿನಲ್ಲಿ ಕೂತು ದೋಣಿ ವಾಲಿತ್ತು. ಅಂದು ಹೊಯ್ದ ಮೊದಲ ದೋಸೆಯನ್ನು ನಾನು ಮರೆಯಲಾರೆ. ಕಾವಲಿಯ ನಡುವೆ ಹೊಯ್ದ ಹಿಟ್ಟು ಒಂದು ಕ್ಷಣ ಯೋಚಿಸಿ, ಒಟ್ಟಾಗಿ ಎಡಕ್ಕೆ ಹರಿದು ಅಂಚಿನಲ್ಲಿ ನಿಂತಿತು. ಒಂದು ತುದಿ ಹಪ್ಪಳದಂತೆ ಕರಿದು ಹೋದರೆ ಇನ್ನೊಂದು ತುದಿ ಇಡ್ಲಿಯ ದಪ್ಪಕ್ಕೆ ಬೆಂದಿತ್ತು. “ಒಂದೇ ಸಲಕ್ಕೆ ಎರಡು ತಿಂಡಿ ಆಯಿತು ಬಿಡಿ” ಎಂದಳು ಅವಳು, ಆದರೆ ಧ್ವನಿಯಲ್ಲಿ ಹಾಸ್ಯವಿರಲಿಲ್ಲ. ಕಾವಲಿಯ ಕೆಳಗೆ ಒಂದು ಚಮಚ ಸಿಕ್ಕಿಸಿ ನಾನು ತಾಂತ್ರಿಕ ಪರಿಹಾರ ಒದಗಿಸಿದೆ. ಎರಡನೆಯ ದೋಸೆ ಬಲಕ್ಕೆ ಹರಿಯಿತು.

ಇದಕ್ಕಿಂತ ದೊಡ್ಡ ಪರೀಕ್ಷೆ ಶೌಚದ್ದು. ದೋಣಿಯ ಶೌಚಾಲಯದಡಿ ಕ್ಯಾಸೆಟ್ ಎಂಬ ಪೆಟ್ಟಿಗೆಯಿರುತ್ತದೆ. ತುಂಬಿದ ಮೇಲೆ ಅದನ್ನು ನಿಗದಿತ ಜಾಗದಲ್ಲಿ ಸುರಿದು ಬರಬೇಕು. ಮಾಮೂಲಿ ದಿನಗಳಲ್ಲಿ ದೋಣಿಯೇ ಅಲ್ಲಿಗೆ ಹೋಗುತ್ತದೆ. ಈಗ ನಾನು ಹೋಗಬೇಕಾಯಿತು. ಗೆಜೆಟೆಡ್ ಅಧಿಕಾರಿಗಳ ಕಡತ ಹೊತ್ತು ನಡೆದ ಅನುಭವವಿದ್ದುದರಿಂದ ನಾನು ಗಾಂಭೀರ್ಯ ಕೆಡದಂತೆ ಗಾಲಿಗಳ ಮೇಲೆ ಅದನ್ನು ಎಳೆದುಕೊಂಡು ಸಾಗುತ್ತಿದ್ದೆ. ಎದುರಾದವರೆಲ್ಲ, ಎಂಥ ಸೊಗಸಾದ ದಿನ ಎನ್ನುವರು. ಒಬ್ಬ ಹೆಂಗಸಂತೂ ನಾನು ಪ್ರಯಾಣಕ್ಕೆ ಹೊರಟಿರುವೆನೆಂದು ತಿಳಿದು, ನಿಮ್ಮ ಲಗೇಜು ಹಿಡಿಯಲೇ ಎಂದು ಕೇಳಿದರು.

ಪಕ್ಕದ ದೋಣಿಯಲ್ಲಿ ಒಬ್ಬ ಮುದುಕರೂ ಒಂದು ಮುದಿ ನಾಯಿಯೂ ಇದ್ದರು. ಬೇಸಿಗೆಯಲ್ಲಿ ಲಿವರ್‌ಪೂಲ್‌ಗೆ ಹೊರಟವರು ಅವರೂ ನಮ್ಮಂತೆಯೇ ಸಿಕ್ಕಿಕೊಂಡಿದ್ದರು. ಡೀಸೆಲ್ಲು, ಗ್ಯಾಸು ಹೊತ್ತು ಬರುವ ದೋಣಿಯೂ ಬರಲಾಗದ್ದರಿಂದ ಸಿಲಿಂಡರನ್ನು ಕೈಗಾಡಿಯಲ್ಲಿ ತರುತ್ತಿದ್ದರು, ಆದರೆ ಒಂದು ದಿನವೂ ಗೊಣಗಿದ್ದನ್ನು ನಾನು ಕೇಳಲಿಲ್ಲ. ವಾಲಿದ ದೋಣಿಯ ಹಗ್ಗ ಸಡಿಲಿಸಿ, ಗಳುವಿನಿಂದ ನಡುನೀರಿಗೆ ತಳ್ಳುವುದನ್ನು ಕಲಿಸಿ ನಮ್ಮ ದೋಸೆಯನ್ನು ಮತ್ತೆ ದುಂಡಗೆ ಮಾಡಿದವರು ಅವರೇ. ಮಳೆ ಬಾರದಿದ್ದರೆ ನಿಮ್ಮಲ್ಲಿ ಏನು ಮಾಡುತ್ತಾರೆಂದು ಅವರು ಕೇಳಿದಾಗ, ಕತ್ತೆಗಳಿಗೆ ಮದುವೆ ಮಾಡಿಸುವುದುಂಟು ಎಂದೆ. ಅವರು ನಗಲಿಲ್ಲ. ಸ್ವಲ್ಪ ಹೊತ್ತು ಯೋಚಿಸಿ, ಖರ್ಚು ಯಾವ ಕಡೆಯವರದು ಎಂದು ಕೇಳಿದರು.

ಫೌಲ್‌ರಿಜ್‌ನಲ್ಲಿ ಬೆಟ್ಟ ಕೊರೆದು ಮಾಡಿದ 1,640 ಗಜ ಉದ್ದದ ಸುರಂಗವೊಂದಿದೆ. 1912ರಲ್ಲಿ ಒಂದು ಹಸು ಕಾಲುವೆಗೆ ಬಿದ್ದು, ಆ ಕತ್ತಲಲ್ಲಿಯೇ ಈಜಿ ಆಚೆ ತುದಿಯಲ್ಲಿ ಹೊರಬಂದಿತಂತೆ. ಅದಕ್ಕೆ ಬ್ರಾಂದಿ ಕುಡಿಸಿ ಚೇತರಿಸಿಕೊಳ್ಳುವಂತೆ ಮಾಡಿದರಂತೆ. ನಮ್ಮ ವಿಶ್ವೇಶ್ವರಯ್ಯ ನಾಲೆಯೂ ಹುಲಿಕೆರೆಯಲ್ಲಿ ಸುರಂಗದೊಳಗೆ ಹರಿಯುತ್ತದೆ ಎಂದು ನಾನು ಜಂಬದಿಂದ ಸೇರಿಸಿದೆ. ಆದರೆ ಎಲ್ಲವನ್ನೂ ಕೇಳಿಸಿಕೊಂಡ ನನ್ನಾಕೆಗೆ ಹಸುವಿನ ಸಾಹಸವಾಗಲಿ ಬ್ರಾಂದಿಯಾಗಲಿ ಮುಖ್ಯವಾಗಿ ಕಾಣಲಿಲ್ಲ. “ಆಗ ಈಜುವಷ್ಟು ನೀರಾದರೂ ಇತ್ತಲ್ಲ” ಎಂದಳು.

ಜೂನ್ ಕೊನೆಯ ದಿನ ಊರಿನಿಂದ ತಮ್ಮನ ಫೋನು ಬಂತು. “ಅಣ್ಣಾ, ಕನ್ನಂಬಾಡಿ ತುಂಬೋಯ್ತು! ನೂರಿಪ್ಪತ್ತನಾಲ್ಕು ಪಾಯಿಂಟ್ ಎಂಟು! ಜೂನ್ ತಿಂಗಳಲ್ಲೇ ತುಂಬಿದ್ದು ಇದೇ ಮೊದಲಂತೆ. ಮುಖ್ಯಮಂತ್ರಿಗಳು ಬಾಗಿನ ಬಿಟ್ಟರು. ನೀನೆಲ್ಲಿದ್ದೀಯ?” ದೋಣಿಯಲ್ಲಿದ್ದೇನೆ ಎಂದೆ. “ಪುಣ್ಯವಂತ ಕಣಣ್ಣ, ಎಲ್ಲಿಗೆ ಹೊರಟಿದ್ದೀಯ?” ಎಂದ. ನೀರಿಲ್ಲದೆ ಎರಡು ತಿಂಗಳಿಂದ ನಿಂತಲ್ಲೇ ನಿಂತಿದ್ದೇವೆಂದು ಹೇಳಲು ನಾಲಿಗೆ ಏಳದೆ, ಸಿಗ್ನಲ್ ಇಲ್ಲವೆಂದು ಫೋನ್ ಇಟ್ಟೆ.

ಬಾಗಿನದ ಮಾತು ನನ್ನಾಕೆಯ ಕಿವಿಗೆ ಬಿದ್ದಿತ್ತು. ಮರುದಿನ ಬೆಳಿಗ್ಗೆ ಮೊರ ಸಿಗದ್ದರಿಂದ ಕೇಕು ಬೇಯಿಸುವ ಹಗುರವಾದ ಅಲ್ಯೂಮಿನಿಯಂ ತಟ್ಟೆಯಲ್ಲಿ ಅರಿಶಿನ, ಕುಂಕುಮ, ಹಿಡಿ ಅಕ್ಕಿ, ಬೆಲ್ಲದ ಚೂರು, ಎರಡು ಬಾಳೆಹಣ್ಣು, ನಾಲ್ಕು ಹಸಿರು ಬಳೆ ಇಟ್ಟು ಅವಳು ಕಾಲುವೆಗೆ ಬಾಗಿನ ಬಿಟ್ಟಳು. ತಟ್ಟೆ ಹತ್ತು ಅಡಿ ತೇಲಿ ಕೆಸರಿನಲ್ಲಿ ಕಚ್ಚಿಕೊಂಡಿತು. ಬಾತುಕೋಳಿಗಳು ಅಕ್ಕಿಗೆ ಮುಗಿಬಿದ್ದವು. ಇದನ್ನೆಲ್ಲ ನೋಡಿದ ಮುದುಕರು ಕೊಕ್ಕೆಯ ಗಳುವಿನಿಂದ ತಟ್ಟೆಯನ್ನು ಎಳೆದು, ಒರೆಸಿ, ಬಾಳೆಹಣ್ಣನ್ನೂ ಬಳೆಗಳನ್ನೂ ಒಪ್ಪವಾಗಿ ಜೋಡಿಸಿ, ಅಮ್ಮಾ, ನಿಮ್ಮ ಸಾಮಾನು ನೀರಿಗೆ ಬಿದ್ದಿತ್ತು ಎಂದು ವಿನಯದಿಂದ ತಂದುಕೊಟ್ಟರು.

ಗಂಗೆಗೆ ಬಿಟ್ಟದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ. ಅದನ್ನು ಇಂಗ್ಲಿಷಿನಲ್ಲಿ ವಿವರಿಸುವುದು ನನ್ನಿಂದಾಗಲಿಲ್ಲ, ಮಗ ಮೀಟಿಂಗಿನಲ್ಲಿದ್ದ. ಕೊನೆಗೆ ಅವಳೇ ಕೈಸನ್ನೆಯಲ್ಲಿ, ಇದು ನಿಮಗೇ ಇರಲಿ ಎಂದಳು. ಜುಲೈ ಕೊನೆಯಲ್ಲಿ ನಾವು ಟ್ಯಾಕ್ಸಿ ಹತ್ತಿ ಹೊರಟಾಗಲೂ ಬೀಗ ತೆಗೆದಿರಲಿಲ್ಲ. ಕೈಬೀಸಲು ಹೊರಬಂದು ನಿಂತ ಮುದುಕರ ದೋಣಿಯ ಚುಕ್ಕಾಣಿಯ ಹಿಡಿಗೆ ನಾಲ್ಕು ಹಸಿರು ಬಳೆಗಳನ್ನು ತೊಡಿಸಿದ್ದರು.