ಕೂತ ಮಂಜು, ನಡೆಯುವ ಮಂಜು

ದೆಹಲಿಗೆ ಬಂದು ಹತ್ತೊಂಬತ್ತು ವರ್ಷಗಳಾದವು. ಪ್ರತಿ ಡಿಸೆಂಬರ್‌ನ ಕೊನೆಯಲ್ಲಿ ಮಡಿಕೇರಿಯಿಂದ ದೊಡ್ಡಮ್ಮನ ಫೋನು ತಪ್ಪದೆ ಬರುತ್ತದೆ. ಟೀವಿಯಲ್ಲಿ ಉತ್ತರ ಭಾರತದ ಸುದ್ದಿ ನೋಡಿ, “ಅಲ್ಲಿ ಭಾರೀ ಮಂಜಂತಲ್ಲ ಮಗ, ಬೆಳಿಗ್ಗೆ ಹೊತ್ತು ಗಾಡಿ ತೆಗೀಬೇಡ” ಎನ್ನುತ್ತಾರೆ. ಮಳೆಗಾಲದ ನಾಲ್ಕು ತಿಂಗಳು ಎದುರು ಮನೆಯ ಹೆಂಚು ಕಾಣದ ಊರಿನಲ್ಲಿ ಎಪ್ಪತ್ತು ವರ್ಷ ಬಾಳಿದವರು ನನಗೆ ಮಂಜಿನ ಬಗ್ಗೆ ಎಚ್ಚರಿಕೆ ಹೇಳುವುದು ಮೊದಮೊದಲು ತಮಾಷೆಯಾಗಿ ಕಾಣುತ್ತಿತ್ತು. ಒಮ್ಮೆ ಹಾಗೆಂದು ಛೇಡಿಸಿದೆ. ಅವರು ನಗಲಿಲ್ಲ. “ನಮ್ಮದು ಬರ್ತದೆ, ಹೋಗ್ತದೆ. ನಿಮ್ಮದು ಕೂತೇ ಬಿಡ್ತದಲ್ಲ” ಎಂದರು.

ಹವಾಮಾನ ಶಾಸ್ತ್ರದ ಲೆಕ್ಕದಲ್ಲಿ ಇವೆರಡೂ ಒಂದೇ. ಒಂದು ಕಿಲೋಮೀಟರಿಗಿಂತ ಆಚೆಗಿನದು ಕಾಣದಿದ್ದರೆ ಅದು ಮಂಜು. ಆದರೆ ಹುಟ್ಟು ಬೇರೆ. ಉತ್ತರದ ಬಯಲಿನಲ್ಲಿ ಚಳಿಗಾಲದ ರಾತ್ರಿ ಗಾಳಿ ಅಲುಗದೆ ನಿಂತಾಗ, ನೆಲ ತನ್ನ ಬಿಸಿಯನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಟ್ಟು ತಣ್ಣಗಾಗುತ್ತದೆ. ಅದಕ್ಕೆ ತಾಗಿದ ಗಾಳಿಯ ತೇವ ಹನಿಗಟ್ಟುತ್ತದೆ. ಮೇಲಿನ ಬೆಚ್ಚನೆಯ ಗಾಳಿ ಪಾತ್ರೆಯ ಮುಚ್ಚಳದಂತೆ ಕೂತು, ವಾಹನಗಳ ಹೊಗೆಯನ್ನೂ ಧೂಳನ್ನೂ ಕೆಳಗೇ ಹಿಡಿದಿಡುತ್ತದೆ. ಕೊಡಗಿನ ಮಳೆಗಾಲದ ಮಂಜಾದರೋ ನಿಜಕ್ಕೂ ಮೋಡ. ಅರಬ್ಬೀ ಸಮುದ್ರದಿಂದ ಬಂದ ಗಾಳಿ ಘಟ್ಟಕ್ಕೆ ತಾಗಿ ಮೇಲೇರಿ ತಣಿಯುವ ಎತ್ತರದಲ್ಲಿ, 1,100 ಮೀಟರಿಗೂ ಮೇಲೆ, ಮಡಿಕೇರಿ ಇದೆ. ಊರಿನೊಳಕ್ಕೆ ಮೋಡ ಬರುತ್ತದೆ ಎನ್ನುವುದಕ್ಕಿಂತ ಮೋಡದ ದಾರಿಯಲ್ಲಿ ಊರು ಕಟ್ಟಿಕೊಂಡಿದ್ದೇವೆ ಎನ್ನುವುದು ಸರಿ. 2008ರ ‘ಗಾಳಿಪಟ’ ಚಿತ್ರದ ಬಳಿಕ ಮಡಿಕೇರಿ ಬಳಿಯ ಮಾಂದಲಪಟ್ಟಿ ಬೆಟ್ಟಕ್ಕೆ ಮುಗಿಲುಪೇಟೆ ಎಂಬ ಹೆಸರು ಅಂಟಿಕೊಂಡಾಗ ನಮ್ಮಲ್ಲಿ ಕೆಲವರು ಮುಖ ಸಿಂಡರಿಸಿದರು. ಆದರೆ ವಿಜ್ಞಾನದ ಮಟ್ಟಿಗೆ ಆ ಹೆಸರಿನಲ್ಲಿ ತಪ್ಪೇನೂ ಇಲ್ಲ.

ಗಾಳಿ ಇದೆಯೋ ಇಲ್ಲವೋ ಎಂಬ ಈ ಒಂದು ವ್ಯತ್ಯಾಸವೇ ಸಾಹಿತ್ಯದಲ್ಲಿ ಮಂಜಿನ ಅರ್ಥವನ್ನೂ ಬದಲಿಸುತ್ತದೆ ಎಂಬುದು ನನ್ನ ಅನಿಸಿಕೆ. ನಾವು ಕಾಲೇಜಿನಲ್ಲಿ ಕಲಿತ ಮಂಜು ಕೂತ ಮಂಜು. 1853ರಲ್ಲಿ ಪುಸ್ತಕವಾಗಿ ಬಂದ ಡಿಕನ್ಸ್‌ನ ‘ಬ್ಲೀಕ್ ಹೌಸ್’ ಲಂಡನ್ನಿನ ಮಂಜಿನಿಂದಲೇ ಆರಂಭವಾಗುತ್ತದೆ, ಆ ಮಂಜಿನ ನಟ್ಟನಡುವೆ ಎಂದಿಗೂ ತೀರ್ಪು ಕೊಡದ ನ್ಯಾಯಾಲಯವಿದೆ. ಕಲ್ಲಿದ್ದಲಿನ ಹೊಗೆ ಬೆರೆತ ಆ ಮಂಜು ನಿಂತು ಕೊಳೆತ ವ್ಯವಸ್ಥೆಗೆ ಗುರುತಾದದ್ದು ಸಹಜವೇ. ನೂರು ವರ್ಷಗಳ ಬಳಿಕ, 1952ರ ಡಿಸೆಂಬರ್‌ನಲ್ಲಿ, ಅದೇ ಊರಿನಲ್ಲಿ ಅಂಥದೇ ಮಂಜು ಐದು ದಿನ ಅಲುಗದೆ ಕೂತು ಸಾವಿರಾರು ಜನರನ್ನು ಕೊಂದಿತು. ಗಂಗಾ–ಯಮುನೆಯರ ಬಯಲಿನಲ್ಲಿ ಈಗ ನಾನು ಉಸಿರಾಡುತ್ತಿರುವುದು ಅದರ ವಾರಸುದಾರನನ್ನು. ನಮ್ಮ ಋಗ್ವೇದವೂ ಹತ್ತನೆಯ ಮಂಡಲದಲ್ಲಿ, ಸೃಷ್ಟಿಕರ್ತನನ್ನು ಅರಿಯದೆ ಮಂತ್ರ ಹರಟುವವರನ್ನು ‘ನೀಹಾರೇಣ ಪ್ರಾವೃತಾಃ’, ಮಂಜು ಕವಿದವರು ಎಂದು ಕರೆಯುತ್ತದೆ. ಮಂಜೆಂದರೆ ಅಜ್ಞಾನ.

ಆದರೆ ಅದೇ ಪರಂಪರೆಯಲ್ಲಿ ಇನ್ನೊಂದು ಮಂಜೂ ಇದೆ. ಶ್ವೇತಾಶ್ವತರ ಉಪನಿಷತ್ತು ಯೋಗಿಗೆ ಬ್ರಹ್ಮದ ದರ್ಶನಕ್ಕೆ ಮೊದಲು ಕಾಣುವ ರೂಪಗಳನ್ನು ಎಣಿಸುವಾಗ ಹೊಗೆ, ಸೂರ್ಯ, ಗಾಳಿ, ಬೆಂಕಿಗಳಿಗಿಂತ ಮೊದಲು ಹೇಳುವುದು ನೀಹಾರವನ್ನೇ. ಮಹಾಭಾರತದ ಆದಿಪರ್ವದಲ್ಲಿ ಯಮುನೆಯ ದೋಣಿಯಲ್ಲಿ ಸತ್ಯವತಿ, ದಡದಲ್ಲಿ ಋಷಿಗಳಿದ್ದಾರೆ, ಹೇಗೆ ಕೂಡಲಿ ಎಂದು ಅಳುಕಿದಾಗ ಪರಾಶರ ಮಂಜನ್ನು ಸೃಷ್ಟಿಸುತ್ತಾನೆ. ವ್ಯಾಸ ಹುಟ್ಟಿದ್ದೇ ಆ ತೆರೆಯ ಮರೆಯಲ್ಲಿ. ಕೆಲಸಕ್ಕೆ ಹೋಗುವಾಗ ನಾನು ದಿನವೂ ಮೆಟ್ರೋದಲ್ಲಿ ಯಮುನೆಯನ್ನು ದಾಟುತ್ತೇನೆ; ಜನವರಿಯಲ್ಲಿ ಸೇತುವೆಯ ಕೆಳಗೆ ನೀರೇ ಕಾಣುವುದಿಲ್ಲ. ಪರಾಶರನ ಮಂಜಿಗೆ ಹೊಗೆಯ ವಾಸನೆ ಇರಲಿಲ್ಲ ಎಂದು ಧೈರ್ಯವಾಗಿ ಹೇಳಬಲ್ಲೆ.

ನನ್ನ ತಕರಾರು ಇರುವುದು ಕೊಡಗನ್ನು ಕುರಿತು ಕನ್ನಡದಲ್ಲಿ ಬರೆಯುವವರ ಮೇಲೆ. ಪಾತ್ರದ ಮನಸ್ಸು ಗೊಂದಲಗೊಂಡರೆ ಹೊರಗೆ ಮಂಜು ಕವಿಯುತ್ತದೆ, ಯಾರೋ ಸಾಯುವ ಮೊದಲು ಮಂಜು ದಟ್ಟವಾಗುತ್ತದೆ. ಬಯಲಿನ ಅರ್ಥವನ್ನು ಹಾಗೆಯೇ ತಂದು ಬೆಟ್ಟಕ್ಕೆ ಹೊದಿಸುತ್ತಾರೆ. ಇಲ್ಲವಾದರೆ ಪ್ರವಾಸಿಯ ಮಂಜು, ಕಿಟಕಿಯಾಚೆ ಬೆಳ್ಳಗೆ, ಕೈಯಲ್ಲಿ ಕಾಫಿ ಲೋಟ. ಆ ಕಿಟಕಿಯ ಒಳಗೆ ಬದುಕುವವರಿಗೆ ಮಂಜೆಂದರೆ ಮೊದಲಿಗೆ ಬೂಷ್ಟು. ಕಪಾಟಿನಲ್ಲಿಟ್ಟ ಚರ್ಮದ ಚಪ್ಪಲಿಗೆ ಒಂದೇ ವಾರದಲ್ಲಿ ಹಸಿರು ಪುಡಿ ಹತ್ತುತ್ತದೆ, ಉಪ್ಪಿನ ಭರಣಿಯಲ್ಲಿ ನೀರು ನಿಲ್ಲುತ್ತದೆ, ಬೆಂಕಿಪೊಟ್ಟಣ ಒಲೆಯ ಪಕ್ಕದ ಗೂಡನ್ನು ಬಿಟ್ಟು ಕದಲುವಂತಿಲ್ಲ. ಶಾಲೆಗೆ ಹೋಗುವಾಗ ನನ್ನ ಅಂಗಿಗೆ ಯಾವಾಗಲೂ ಹೊಗೆಯ ಕಮಟು ಇರುತ್ತಿತ್ತು, ಏಕೆಂದರೆ ಅದು ಬಿಸಿಲಿನಲ್ಲಲ್ಲ, ಕೆಂಡದ ಮೇಲೆ ಮಗುಚಿದ ಬಿದಿರಿನ ಬುಟ್ಟಿಯ ಮೇಲೆ ಒಣಗಿದ್ದು. ಇದನ್ನು ನಾನು ಬಡತನದ ಕತೆಯಾಗಿ ಹೇಳುತ್ತಿಲ್ಲ. ತೋಟದವರ ಮಕ್ಕಳ ಅಂಗಿಯೂ ಹಾಗೆಯೇ ನಾರುತ್ತಿತ್ತು.

ಇನ್ನೊಂದು ವಿಷಯವನ್ನೂ ಈ ಬರಹಗಳು ಗಮನಿಸುವುದಿಲ್ಲ. ಮಂಜಿನಲ್ಲಿ ಕಣ್ಣು ಸೋತ ಕಡೆ ಕಿವಿ ಮತ್ತು ಮೂಗು ಕೆಲಸಕ್ಕೆ ಇಳಿಯುತ್ತವೆ. ಅಪ್ಪ ಒಂದು ತೋಟದಲ್ಲಿ ರೈಟರ್, ಅಂದರೆ ಹಾಜರಿ ಬರೆಯುವ ಗುಮಾಸ್ತ, ಆಗಿದ್ದರು. ಆಷಾಢದ ಬೆಳಿಗ್ಗೆ ಲೈನ್ ಮನೆಗಳಿಂದ ಬರುವ ಆಳುಗಳನ್ನು ಮುಖ ಕಾಣುವ ಮೊದಲೇ ಕೆಮ್ಮಿನಿಂದ, ಕೊಡೆ ಕೊಡವುವ ಸದ್ದಿನಿಂದ ಗುರುತು ಹಿಡಿದು ಹಾಜರಿ ಹಾಕುತ್ತಿದ್ದರು. ಬಿದಿರು ಮುರಿದ ಸದ್ದು ಕೇಳಿದರೆ ಎಲ್ಲರೂ ನಿಂತಲ್ಲೇ ನಿಲ್ಲುತ್ತಿದ್ದರು, ಆನೆ ಯಾವ ಕಡೆಗಿದೆ ಎಂಬುದನ್ನು ವಾಸನೆ ಹೇಳುತ್ತಿತ್ತು. ಸಂಪಾಜೆ ಘಾಟಿಯಲ್ಲಿ ಬಸ್ಸಿನ ಚಾಲಕರು ದೀಪವನ್ನು ಡಿಮ್ ಮಾಡಿ, ತಿರುವು ತಿರುವಿಗೂ ಹಾರನ್ ಹೊಡೆದು, ಎದುರಿನ ಹಾರನ್ನಿಗೆ ಕಾದು ಇಳಿಯುತ್ತಾರೆ. ಬೆಳಕನ್ನು ಪೂರಾ ಬಿಟ್ಟರೆ ಎದುರಿಗೆ ಬಿಳಿ ಗೋಡೆಯಷ್ಟೇ ಕಾಣುವುದು. ದೆಹಲಿಯ ಕಡೆಯೂ ಈ ಜಾಣ್ಮೆ ಇಲ್ಲದಿಲ್ಲ. ರೈಲ್ವೆಯವರು ಸಿಗ್ನಲ್ ಬರುವ ಮೊದಲು ಹಳಿಯ ಮೇಲೆ ಪಟಾಕಿ ಕಟ್ಟುತ್ತಾರೆ. ಎಂಜಿನ್ನಿನ ಗಾಲಿಗೆ ಸಿಕ್ಕಿ ಅದು ಸಿಡಿದರೆ ಚಾಲಕ ವೇಗ ತಗ್ಗಿಸುತ್ತಾನೆ. ಆದರೂ ಅಲ್ಲಿ ಮಂಜೆಂದರೆ ಕಾಯುವುದು. ವಿಮಾನ ತಡ, ರೈಲು ತಡ, ಶಾಲೆ ರಜೆ. ನಮ್ಮಲ್ಲಿ ಮಂಜಿಗಾಗಿ ಯಾರೂ ಕಾಯುವುದಿಲ್ಲ. ಕಾಯುತ್ತ ಕೂತರೆ ನಾಟಿ ಆಗುವುದು ಹೇಗೆ?

ನಡೆಯುವ ಮಂಜು ಮುಚ್ಚುವುದರ ಜೊತೆಗೆ ತೋರಿಸುತ್ತದೆ ಕೂಡ. ಒಂದು ನಿಮಿಷ ಸಿಲ್ವರ್ ಮರದ ಕಾಂಡವಷ್ಟೇ, ಮರು ನಿಮಿಷ ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಆಮೇಲೆ ಏನೂ ಇಲ್ಲ. ಇಡೀ ಬೆಟ್ಟವನ್ನು ಒಮ್ಮೆಗೇ ನೋಡಿದವನಿಗಿಂತ ಹೀಗೆ ತುಣುಕು ತುಣುಕಾಗಿ ನೋಡಿದವನಿಗೆ ಬೆಟ್ಟ ಚೆನ್ನಾಗಿ ಗೊತ್ತಿರುತ್ತದೆ. ಇದನ್ನು ಗೊಂದಲದ ಗುರುತಾಗಿ ಬಳಸುವುದು ನನಗೆ ಸೋಮಾರಿತನವಾಗಿ ತೋರುತ್ತದೆ. ಕೊಡಗಿನಲ್ಲೂ ಕೂತ ಮಂಜು ಇಲ್ಲವೆಂದಲ್ಲ. ಡಿಸೆಂಬರ್‌ನ ಬೆಳಿಗ್ಗೆ ರಾಜಾಸೀಟಿನ ಕೆಳಗಿನ ಕಣಿವೆಯಲ್ಲಿ ಅದು ಹಾಲಿನಂತೆ ಹೆಪ್ಪುಗಟ್ಟಿ ನಿಂತಿರುತ್ತದೆ. ಕಣದಲ್ಲಿ ಕಾಫಿ ಹರಡಬೇಕಾದವರು ಅದನ್ನು ಶಪಿಸುತ್ತಾರೆ. ಆದರೆ ಬಿಸಿಲೇರುತ್ತಲೇ ಅದು ಕರಗುತ್ತದೆ, ‘ಮಂಜಿನಂತೆ ಕರಗಿತು’ ಎಂಬ ನಮ್ಮ ಮಾತಿಗೆ ತಕ್ಕ ಹಾಗೆ. ದೆಹಲಿಯಲ್ಲಿ ಆ ಮಾತನ್ನು ಹೇಳಿದರೆ ನಂಬುವವರಿಲ್ಲ.

ನನ್ನ ಈ ವಾದಕ್ಕೆ ಪೆಟ್ಟು ಕೊಟ್ಟದ್ದು 2018ರ ಆಗಸ್ಟ್. ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಜರಿದು ಮನೆಗಳನ್ನೂ ಗದ್ದೆಗಳನ್ನೂ ಎಳೆದುಕೊಂಡು ಹೋದವು. ಎರಡು ವರ್ಷದ ಬಳಿಕ ತಲಕಾವೇರಿಯ ಬ್ರಹ್ಮಗಿರಿ ಕುಸಿಯಿತು. ಬೆಟ್ಟ ಕಾಣದಿದ್ದರೂ ಅದು ಅಲ್ಲೇ ಇದೆ ಎಂಬ ಭರವಸೆಯ ಮೇಲೆ ನಮ್ಮ ಮಂಜಿನ ಸಲುಗೆಯೆಲ್ಲ ನಿಂತಿತ್ತು ಎಂಬುದು ಆಗ ತಿಳಿಯಿತು.

ಕಳೆದ ಆಷಾಢದಲ್ಲಿ ಊರಿಗೆ ಹೋಗಿದ್ದಾಗ ದೊಡ್ಡಮ್ಮ ಬೆಳಿಗ್ಗೆ ಎದ್ದವರೇ ಒಲೆಯ ಕಡೆಗೆ ಹೋಗದೆ ಹಿತ್ತಿಲ ಬಾಗಿಲು ತೆರೆದು ಹೊಸ್ತಿಲಲ್ಲಿ ನಿಂತರು. ಹೊರಗೆ ಬಾಳೆಗಿಡದಾಚೆಗೆ ಏನೂ ಇರಲಿಲ್ಲ. ಶಾಲನ್ನು ಕಿವಿಯಿಂದ ಸರಿಸಿಕೊಂಡು ಅವರು ಸುಮಾರು ಹೊತ್ತು ಕಾದರು. ಗಾಳಿ ಒಮ್ಮೆ ಬೀಸಿ ಎದುರಿನ ಗುಡ್ಡದ ನೆತ್ತಿ ಕಂಡು ಮತ್ತೆ ಮರೆಯಾಯಿತು. “ಇದೆ” ಎಂದು ತಮಗೆ ತಾವೇ ಹೇಳಿಕೊಂಡು, ಬಾಗಿಲು ಹಾಕಿ, ಹಾಲು ಕಾಯಿಸಲು ಒಳಗೆ ಹೋದರು.