ಹೊಂಡಕ್ಕೂ ಒಂದು ಲೆಕ್ಕಶೀರ್ಷಿಕೆ

ಭಟ್ಕಳದಿಂದ ಕಾರವಾರದವರೆಗೆ ಯಾವ ಊರೇ ಆಗಲಿ, ಓಣಿಯಲ್ಲಿ ಡಾಂಬರಿನ ವಾಸನೆ ಬಂತೆಂದರೆ ಗೋಡೆಯ ಕ್ಯಾಲೆಂಡರ್ ನೋಡಬೇಕಿಲ್ಲ. ಅದು ಮಾರ್ಚ್ ಕೊನೆಯ ವಾರ. ಅಪ್ಪೆಮಿಡಿಗೂ ಡಾಂಬರಿಗೂ ನಮ್ಮಲ್ಲಿ ಒಂದೇ ಹಂಗಾಮು. ಮಿಡಿ ಉಪ್ಪಿನಲ್ಲಿ ವರ್ಷಗಟ್ಟಲೆ ಬಾಳುತ್ತದೆ, ಡಾಂಬರಿಗೆ ಜೂನ್ ಮೊದಲ ವಾರದವರೆಗೆ ಆಯುಷ್ಯ.

ಉಳಿದ ಹನ್ನೊಂದು ತಿಂಗಳು ಪುರಸಭೆ ಏನು ಮಾಡುತ್ತಿತ್ತು ಎಂದು ಕೇಳುವವರಿಗೆ ಫೈಲಿನ ನಡಿಗೆ ಗೊತ್ತಿಲ್ಲ. ಏಪ್ರಿಲ್ 1ಕ್ಕೆ ವರ್ಷ ಶುರುವಾದರೂ ಕ್ರಿಯಾಯೋಜನೆ, ಅಂದರೆ ವರ್ಷದ ಕಾಮಗಾರಿಗಳ ಪಟ್ಟಿ, ಸಭೆಯ ಮುಂದೆ ಬರುವಾಗ ಆಷಾಢದ ಮಳೆ. ಅಲ್ಲಿ ಯಾವ ರಸ್ತೆ ಕೆಟ್ಟಿದೆ ಎಂಬ ಪ್ರಶ್ನೆ ಏಳುವುದೇ ಇಲ್ಲ. ಪಂಕ್ತಿಯಲ್ಲಿ ಹೋಳಿಗೆ ಬಡಿಸಿದ ಹಾಗೆ ವಾರ್ಡಿಗೊಂದು ಪಾಲು. 46 ಲಕ್ಷ ಬಂತು, 23 ವಾರ್ಡು ಎಂದಿಟ್ಟುಕೊಳ್ಳಿ. ತಲಾ 2 ಲಕ್ಷ. 2 ಲಕ್ಷ ಎಲ್ಲಿಗೆ ಮುಗಿಯುತ್ತದೋ ರಸ್ತೆಯೂ ಅಲ್ಲಿಗೆ ಮುಗಿಯಿತು: ಗಣಪತಿ ಗುಡಿಯಿಂದ ಹಿಟ್ಟಿನ ಗಿರಣಿವರೆಗೆ. ಗಿರಣಿ ದಾಟಿದ ಮೇಲಿನ ತಿರುವು ಮುಂದಿನ ಸಾಲಿಗೆ. ಆ ತಿರುವಿನಲ್ಲೇ ಸ್ಕೂಟರು ಬೀಳುತ್ತದೆ ಎಂಬುದು ಬೇರೆ ಮಾತು, ಸ್ಕೂಟರಿಗೆ ಮತದಾನದ ಹಕ್ಕಿಲ್ಲ.

ಆಮೇಲೆ ಜಿಲ್ಲಾಧಿಕಾರಿ ಕಚೇರಿಯ ಅನುಮೋದನೆ, ಎಸ್‌ಆರ್ ಎಂಬ ಸರಕಾರಿ ದರಪಟ್ಟಿಯ ಲೆಕ್ಕದಲ್ಲಿ ಎಸ್ಟಿಮೇಟು, ತಾಂತ್ರಿಕ ಮಂಜೂರಾತಿ, ಪೋರ್ಟಲ್‌ನಲ್ಲಿ ಟೆಂಡರು, ಯಾರೂ ಬಾರದಿದ್ದರೆ ಮರುಟೆಂಡರು. ಕಾರ್ಯಾದೇಶಕ್ಕೆ ಸಹಿ ಬೀಳುವಾಗ ಅಂಕೋಲೆಯ ಕಡೆ ಸುಗ್ಗಿ ಕುಣಿತಕ್ಕೆ ತುರಾಯಿ ಕಟ್ಟುತ್ತಿರುತ್ತಾರೆ. ಬಿಲ್ಲು ಮಾತ್ರ ಮಾರ್ಚ್ 31ರೊಳಗೆ ಆಗಬೇಕು. ಹಾಗಾಗಿ ಇಡೀ ಊರಿನ ರಸ್ತೆಗಳಿಗೆ ಒಂದೇ ವಾರದಲ್ಲಿ ಒಂದೇ ರೋಲರು.

ಕೆಲಸವನ್ನು ಹತ್ತಿರ ನಿಂತು ನೋಡಬೇಕು. ಹಳೆಯ ಮೈಯ ಮಣ್ಣು ಪೂರ್ತಿ ಗುಡಿಸಿ, ಚದರ ಮೀಟರಿಗೆ ಸುಮಾರು ಕಾಲು ಕೆಜಿ ಟ್ಯಾಕ್ ಕೋಟ್ ಸಮನಾಗಿ ಸಿಂಪಡಿಸಬೇಕು. ಅದೇ ಅಂಟು. ಅದಿಲ್ಲದಿದ್ದರೆ ಮೇಲಿನ ಪದರ ದೋಸೆಯ ಹಾಗೆ ಏಳುತ್ತದೆ. ನಮ್ಮಲ್ಲಿ ತಳ ತೂತು ಮಾಡಿದ ಡಬ್ಬದಿಂದ ಅದು ತೀರ್ಥಪ್ರೋಕ್ಷಣೆಯಾಗುತ್ತದೆ. ಯಾರ ತಲೆಗೆ ಬಿತ್ತೋ ಅವರ ಪುಣ್ಯ. ಪ್ಲಾಂಟಿನಿಂದ 150 ಡಿಗ್ರಿ ಆಸುಪಾಸಿನಲ್ಲಿ ಹೊರಟ ಮಿಶ್ರಣ ನಾಲ್ಕು ವಾರ್ಡು ಸುತ್ತಿ, ರೋಲರಿಗಾಗಿ ಮಧ್ಯಾಹ್ನದವರೆಗೆ ಕಾದು, ಚಾ ಆರಿದ ಹಾಗೆ ಆರಿರುತ್ತದೆ. ಆರಿದ ಮೇಲೆ ಎಷ್ಟು ಉರುಳಿಸಿದರೂ ಖಡಿ ಒಂದಕ್ಕೊಂದು ಕೂರುವುದಿಲ್ಲ, ನಡುವೆ ನೀರಿಗೆ ದಾರಿ ಉಳಿಯುತ್ತದೆ. ಅಳತೆ ಪುಸ್ತಕದಲ್ಲಿ ಮಾತ್ರ ದಪ್ಪ 20 ಮಿಲಿಮೀಟರ್. ಪಟ್ಟಿ ಚುಚ್ಚಿದ ಜಾಗದಲ್ಲಿ ಅದು ನಿಜವೂ ಹೌದು.

ಇನ್ನು ಇಳಿಜಾರು. 5.5 ಮೀಟರ್ ಅಗಲದ ರಸ್ತೆಗೆ ನೂರಕ್ಕೆ ಎರಡೂವರೆಯ ಲೆಕ್ಕದಲ್ಲಿ ನಟ್ಟನಡುವೆ ಸುಮಾರು 7 ಸೆಂಟಿಮೀಟರ್, ಅಂದರೆ ನಾಲ್ಕು ಬೆರಳು ಎತ್ತರ ಇರಬೇಕು. ಹಾಗಿದ್ದರೆ ಬಿದ್ದ ಮಳೆ ಎರಡೂ ಬದಿಯ ಗಟಾರಕ್ಕೆ ಇಳಿಯುತ್ತದೆ. ನಮ್ಮ ಗಟಾರದ ಗೋಡೆಯೋ ರಸ್ತೆಗಿಂತ ಗೇಣು ಎತ್ತರ, ಏಕೆಂದರೆ ಅದು ಬೇರೆ ಅನುದಾನ, ಬೇರೆ ಗುತ್ತಿಗೆ. ನೀರು ಗಟಾರದ ಬುಡಕ್ಕೆ ಬಂದು, ಕಾಂಕ್ರೀಟ್ ಗೋಡೆ ನೋಡಿ, ಹೊಸ ಡಾಂಬರಿನ ಮೇಲೆಯೇ ಬಿಡಾರ ಹೂಡುತ್ತದೆ. ವರ್ಷಕ್ಕೆ 3,000 ಮಿಲಿಮೀಟರ್ ಆಸುಪಾಸು ಸುರಿಯುವ ಕರಾವಳಿಯಲ್ಲಿ ನಿಂತ ನೀರಿಗೆ ಖಡಿಯಿಂದ ಡಾಂಬರು ಬಿಡಿಸಲು ಹದಿನೈದು ದಿನ ಧಾರಾಳ ಸಾಕು.

ಗಟಾರದ ಮಾತು ಬಂದ ಮೇಲೆ ಹೂಳಿನ ಮಹಿಮೆ ಹೇಳದಿದ್ದರೆ ಅನ್ಯಾಯ. ಮೇ ಕೊನೆಯಲ್ಲಿ ‘ಮುಂಗಾರು ಪೂರ್ವ ಸಿದ್ಧತೆ’ ಎಂದು ಹೂಳು ತೆಗೆಸುತ್ತಾರೆ. ತೆಗೆದ ಹೂಳು ಹಸಿ, ಲಾರಿಯಲ್ಲಿ ಒಯ್ದರೆ ದಾರಿತುಂಬ ಸೋರುತ್ತದೆ, ಒಣಗಲಿ ಎಂದು ಗಟಾರದ ದಂಡೆಯ ಮೇಲೆಯೇ ಸಾಲಾಗಿ ಗುಪ್ಪೆ ಹಾಕುತ್ತಾರೆ. ತರ್ಕ ಸರಿಯಾಗಿಯೇ ಇದೆ. ನಾಲ್ಕು ದಿನಕ್ಕೆ ಮೊದಲ ಮಳೆ. ಹೂಳು ತವರಿಗೆ ವಾಪಸು. ತೆಗೆಯುವುದಕ್ಕೆ ಒಂದು ಗುತ್ತಿಗೆ, ಸಾಗಿಸುವುದಕ್ಕೆ ಇನ್ನೊಂದು. ಎರಡನೆಯವನು ಲಾರಿ ತಂದಾಗ ಸಾಗಿಸಲು ಏನೂ ಉಳಿದಿರುವುದಿಲ್ಲ. ಹೂಳು ಹೀಗೆ ಜಾಗ ಬಿಡದೆ ಪ್ರತಿವರ್ಷ ಬಿಲ್ಲಾಗುತ್ತದೆ. ಊರಿನಲ್ಲಿ ಇಷ್ಟು ನಿಯತ್ತಿನ ಆದಾಯ ಇನ್ನೊಂದಿಲ್ಲ.

ಹೊಂಡ ಮುಚ್ಚುವ ಕ್ರಮ ಯಾರಿಗೂ ಗೊತ್ತಿಲ್ಲ ಅಂತಲ್ಲ. ಅಂಚನ್ನು ಚೌಕವಾಗಿ ಕೊಯ್ದು, ಸಡಿಲ ಖಡಿ ತೆಗೆದು, ಒಣಗಿಸಿ, ಡಾಂಬರಿನ ಎಮಲ್ಷನ್ ಬಳಿದು, ಪದರ ಪದರವಾಗಿ ತುಂಬಿ ಗುದ್ದಬೇಕು. ಒಂದು ಮೀಟರ್ ಉದ್ದಗಲ, 10 ಸೆಂಟಿಮೀಟರ್ ಆಳದ ಹೊಂಡಕ್ಕೆ ಹೆಚ್ಚುಕಡಿಮೆ 230 ಕೆಜಿ ಮಿಶ್ರಣ. ಮಳೆಗಾಲಕ್ಕೆಂದೇ ಚೀಲದಲ್ಲಿ, ಕಾಯಿಸದೆ ತುಂಬುವ ಕೋಲ್ಡ್ ಮಿಕ್ಸ್ ಸಿಗುತ್ತದೆ. ನಮ್ಮಲ್ಲಿ ಸಿಗುವುದು ನಾಲ್ಕು ಬುಟ್ಟಿ ಕೆಂಪುಮಣ್ಣು, ಮೇಲೆ ಒಡೆದ ಚಿರೆಕಲ್ಲು. ಸಂಜೆಯೊಳಗೆ ರಾಡಿ, ಬೆಳಗಾಗುವಾಗ ಹೊಂಡ ಮೊದಲಿಗಿಂತ ಒಂದು ಬುಟ್ಟಿ ದೊಡ್ಡದು.

ಹೊಂಡ ಹೆದ್ದಾರಿಯ ಸರ್ವಿಸ್ ರಸ್ತೆ ಮತ್ತು ಪುರಸಭೆ ರಸ್ತೆ ಕೂಡುವಲ್ಲಿ ಬಿದ್ದರಂತೂ ಅದು ಅಮರ. ಪಶ್ಚಿಮ ಅರ್ಧ ಅವರದು, ಪೂರ್ವ ಅರ್ಧ ಇವರದು. ನೀರು ಮಾತ್ರ ಸಮವಾಗಿ ನಿಲ್ಲುತ್ತದೆ.

ಈ ವಿಷಯದಲ್ಲಿ ಶಿರಸಿಯವರು ಅದೃಷ್ಟವಂತರು. ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆ ಜಾತ್ರೆ, ಮುಹೂರ್ತ ಮೊದಲೇ ಗೊತ್ತು, ಅಮ್ಮನ ರಥಕ್ಕೆ ‘ಫಂಡ್ ಬಂದಿಲ್ಲ’ ಎನ್ನುವ ಧೈರ್ಯ ಯಾವ ಕಚೇರಿಗಿದೆ? ಕರಾವಳಿಯ ಪ್ರತಿ ವಾರ್ಡಿಗೂ ಒಂದೊಂದು ರಥ ಮಂಜೂರು ಮಾಡಿಸಿಕೊಳ್ಳುವುದೇ ಕ್ಷೇಮ.

ಬಜೆಟ್ಟಂತೂ ಸದಾ ಉಳಿತಾಯದ್ದು. ವೇಷವಿಲ್ಲದೆ ಮಾತಿನಲ್ಲೇ ಕುರುಕ್ಷೇತ್ರ ಗೆಲ್ಲುವ ತಾಳಮದ್ದಳೆಯ ಹಾಗೆ, ಮಳಿಗೆ ಬಾಡಿಗೆಯ ಹಳೇ ಬಾಕಿ, ನೀರಿನ ಕರದ ಹಳೇ ಬಾಕಿ ಎಲ್ಲ ಈ ವರ್ಷ ವಸೂಲಾಗುತ್ತದೆ ಎಂದು ಆದಾಯದಲ್ಲಿ ಬರೆದರೆ ಉಳಿತಾಯ ತಾನಾಗಿ ಬರುತ್ತದೆ. ಹೋದ ವರ್ಷವೂ ಅದನ್ನೇ ಬರೆದಿದ್ದರು, ಅದಕ್ಕೇ ಅದು ಇನ್ನೂ ಬಾಕಿ ಇದೆ.

ಹಾಗಾಗಿ ಒಂದು ಸಲಹೆ, ಬಜೆಟ್ ಪೂರ್ವಭಾವಿ ಸಭೆಯಲ್ಲಿ ಬರೆದುಕೊಳ್ಳಲಿ. ಆಸ್ತಿ ತೆರಿಗೆಯ ಮೇಲೆ ಆರೋಗ್ಯಕ್ಕೆ 15, ಗ್ರಂಥಾಲಯಕ್ಕೆ 6, ಭಿಕ್ಷುಕರ ಪುನರ್ವಸತಿಗೆ 3 ಪರ್ಸೆಂಟ್ ಉಪಕರ ಉಂಟಷ್ಟೆ. ಹೊಂಡಕ್ಕೂ ಒಂದು ಲೆಕ್ಕಶೀರ್ಷಿಕೆ, ಅಂದರೆ ಬಜೆಟ್ಟಿನಲ್ಲಿ ಪ್ರತ್ಯೇಕ ಖಾತೆ, ತೆರೆಯಿರಿ. 15ನೇ ಹಣಕಾಸು ಆಯೋಗ ನಮ್ಮಂಥ ಊರುಗಳ ಅನುದಾನದಲ್ಲಿ 60 ಪರ್ಸೆಂಟನ್ನು ನೀರು, ನೈರ್ಮಲ್ಯಕ್ಕೇ ಕಟ್ಟಿಹಾಕಿ, ರಸ್ತೆಯನ್ನು ಉಳಿದ 40ರ ಸಾಲಿನಲ್ಲಿ ನಿಲ್ಲಿಸಿತ್ತು. ಬುದ್ಧಿವಂತರಿಗೆ ದಾರಿ ಆಗಲೇ ಕಾಣಬೇಕಿತ್ತು: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತುಂಬಿ ನಿಲ್ಲುವ ಹೊಂಡವನ್ನು ರಸ್ತೆ ಎಂದು ಯಾಕೆ ತೋರಿಸಬೇಕು? ಮಳೆನೀರು ಕೊಯ್ಲು ಎಂದು ತೋರಿಸಿ. ಮುಚ್ಚುವ ಖರ್ಚೂ ಉಳಿಯಿತು.

ಜೂನ್ 29. ಜಡಿಮಳೆ. ಮೈಕು ಕಟ್ಟಿದ ಆಟೋ ಓಣಿಗೆ ಬರುತ್ತಿದೆ. “ನಾಗರಿಕರಲ್ಲಿ ವಿನಂತಿ. ನಾಳೆಯೊಳಗೆ ಆಸ್ತಿ ತೆರಿಗೆ ಕಟ್ಟದವರಿಗೆ ಜುಲೈಯಿಂದ ತಿಂಗಳಿಗೆ 2 ಪರ್ಸೆಂಟ್ ದಂಡ. ತೆರಿಗೆ ಕಟ್ಟಿ, ಊರಿನ ಅಭಿವೃದ್ಧಿಗೆ ಸಹ—”

ಗಿರಣಿಯ ಮುಂದಿನ ತಿರುವು.